ಕೊಟ್ಟವರ ಹೆಸರು

ಪುಟ್ಟಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಮನೆಯ ಕೊನೆಯ ಕೂಸೆಂದು ತಾನಾಗಿ ಅಂಟಿಕೊಂಡದ್ದು. ಮೂವತ್ತೊಂದು ತುಂಬಿದರೂ ಅದು ಅವಳನ್ನು ಬಿಟ್ಟಿರಲಿಲ್ಲ. ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುವಷ್ಟು ಅಗಲ ಬೆನ್ನು, ನೂರಿಪ್ಪತ್ತು ಕಿಲೋ ಕಬ್ಬಿಣವನ್ನು ತಲೆಯ ಮೇಲೆತ್ತಿ ನಿಲ್ಲುವ ತೋಳು. ಇಂಥವಳನ್ನು ಪುಟ್ಟಿ ಎಂದು ಕೂಗಿದರೆ ಹೊಸಬರು ಅವಳ ಹಿಂದೆ ಇನ್ಯಾರೋ ಸಣ್ಣವರು ಇರಬೇಕೆಂದು ಇಣುಕಿ ನೋಡುತ್ತಿದ್ದರು. ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಅವಳ ಕೆಲಸ. ಬಂದ ಗಂಟನ್ನು ತಕ್ಕಡಿಗೆ ಇಡುವ ಮೊದಲೇ ಕೈಯಲ್ಲಿ ಹಿಡಿದು ತೂಕ ಹೇಳಿಬಿಡುತ್ತಿದ್ದಳು. ಐವತ್ತು ಗ್ರಾಂ ಆಚೀಚೆ ಆದರೆ ಹೆಚ್ಚು.

ಅವಳಿಗೆ ಭಾರ ಎತ್ತುವುದನ್ನು ಕಲಿಸಿದವನು ಅಣ್ಣ. ಅಪ್ಪ ತೀರಿಕೊಂಡಾಗ ಅವಳಿಗೆ ಒಂಬತ್ತು, ಅವನಿಗೆ ಇಪ್ಪತ್ತೆರಡು. ಆಗ ಅವನೂ ಹೆಸರು ಮಾಡುತ್ತಿದ್ದ ಲಿಫ್ಟರ್. ಒಂದು ಸ್ಪರ್ಧೆಯಲ್ಲಿ ಮೊಣಕಾಲು ಪಟ್ಟೆಂದು ಹೋಯಿತು, ಆಸೆ ಮಾತ್ರ ಕೂತಲ್ಲೇ ಕೂತಿತು. ಹಳೆಯ ಲಾರಿ ಶೆಡ್ಡೊಂದನ್ನು ಹಿಡಿದು, ನೆಲಕ್ಕೆ ರಬ್ಬರ್ ಹಾಸಿ, ಜಿಮ್ ಮಾಡಿಕೊಂಡು ಕೋಚ್ ಆದ. ತಂಗಿಗೆ ಜಡೆ ಹಾಕಿ ಶಾಲೆಗೆ ಕಳಿಸಿದ್ದೂ ಅವನೇ, ಬಾರ್ ಹಿಡಿಯುವಾಗ ಹೆಬ್ಬೆರಳನ್ನು ಬೆರಳುಗಳ ಒಳಗೆ ಸಿಕ್ಕಿಸಿಕೊಳ್ಳಬೇಕೆಂದು ತೋರಿಸಿಕೊಟ್ಟದ್ದೂ ಅವನೇ. ಅವನು ಹಾಕಿದ ಗೆರೆಯನ್ನು ಅವಳು ದಾಟಿದ್ದಿಲ್ಲ.

ಹತ್ತು ವರ್ಷ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಅವಳದು ನಾಲ್ಕನೆಯದೋ ಐದನೆಯದೋ ಸ್ಥಾನ. ಆ ವರ್ಷ ಮಾತ್ರ ಏನೋ ತಿರುಗಿತು. ಎಂಟು ತಿಂಗಳಲ್ಲಿ ಹದಿನಾಲ್ಕು ಕಿಲೋ ಹೆಚ್ಚು ಎತ್ತಿದಳು. ಅಣ್ಣ ವಾರಕ್ಕೆರಡು ಸಲ ಸೊಂಟದ ಕೆಳಗೆ ಒಂದು ಇಂಜೆಕ್ಷನ್ ಚುಚ್ಚುತ್ತಿದ್ದ. “ವಿಟಮಿನ್ನು, ನೋವು ಬೇಗ ಆರುತ್ತೆ” ಎಂದಿದ್ದ. ಸೀಸೆಯ ಮೇಲಿನ ಚೀಟಿ ಸದಾ ಕಿತ್ತಿರುತ್ತಿತ್ತು. ಮುಟ್ಟು ನಿಂತಿತು, ಜೋರಾಗಿ ಟ್ರೈನಿಂಗ್ ಮಾಡೋರಿಗೆ ಹಾಗೇ ಆಗುತ್ತೆ ಎಂದ ಅಣ್ಣ. ಗಲ್ಲದಲ್ಲಿ ನಾಲ್ಕು ಒರಟು ಕೂದಲು ಕಾಣಿಸಿಕೊಂಡವು, ಅವನ್ನು ಚಿಮಟದಿಂದ ಕಿತ್ತಳು. ದನಿ ದಪ್ಪವಾಯಿತು, ನೆಗಡಿ ಎಂದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅವಳೂ ಕುಡಿದಳು. ಕೇಳಿದರೆ ಉತ್ತರ ಸಿಗುತ್ತದೆಂಬ ಭಯಕ್ಕೆ ಹೆಚ್ಚು ಕೇಳಲಿಲ್ಲ.

ಆ ವರ್ಷ ಚಿನ್ನ ಅವಳಿಗೇ ಬಂತು. ವೇದಿಕೆಯಿಂದ ಇಳಿದು ಅಣ್ಣನನ್ನು ತಬ್ಬಿಕೊಳ್ಳುವಷ್ಟರಲ್ಲಿ, ಕೊರಳಿಗೆ ಗುರುತಿನ ಚೀಟಿ ಹಾಕಿದ್ದ ಹೆಂಗಸೊಬ್ಬಳು ಪಕ್ಕಕ್ಕೆ ಬಂದು ನಿಂತಳು. “ಉದ್ದೀಪನ ಮದ್ದಿನ ಪರೀಕ್ಷೆಗೆ ನಿಮ್ಮನ್ನ ಆರಿಸಿದ್ದಾರೆ. ಇನ್ಮೇಲೆ ನನ್ನ ಕಣ್ಣಳತೆಯಲ್ಲೇ ಇರಬೇಕು.”

ಪರೀಕ್ಷೆಯ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಮೊಹರು ಮಾಡಿದ ನೀರಿನ ಬಾಟಲಿಗಳು, ಒಂದು ಟೇಬಲ್ಲು ಇದ್ದವು. ತೂಕ ಇಳಿಸಲು ಎರಡು ದಿನದಿಂದ ನೀರು ಬಿಟ್ಟಿದ್ದ ಮೈ, ಮೂತ್ರ ಬರಲು ಒಂದೂವರೆ ಗಂಟೆ ಹಿಡಿಯಿತು. ಆ ಹೆಂಗಸು ಶೌಚಾಲಯದ ಒಳಗೂ ಬಂದು, ಎದುರೇ ನಿಂತು ನೋಡಿದಳು. ನಿಯಮವೇ ಹಾಗಂತೆ. ಬಂದದ್ದನ್ನು ಪುಟ್ಟಿಯೇ ತನ್ನ ಕೈಯಾರೆ ಎರಡು ಗಾಜಿನ ಸೀಸೆಗಳಿಗೆ ಸುರಿದು ಮುಚ್ಚಳ ತಿರುಗಿಸಿದಳು. ಕಟ್ ಕಟ್ ಎಂದು ಮುಚ್ಚಳದ ಹಲ್ಲು ಕಚ್ಚಿಕೊಂಡಿತು. ಒಂದು ಸಲ ಮುಚ್ಚಿದರೆ ಒಡೆಯದೆ ತೆಗೆಯಲಾಗದ ಮುಚ್ಚಳ.

ಕಳೆದ ಏಳು ದಿನದಲ್ಲಿ ತೆಗೆದುಕೊಂಡ ಔಷಧಗಳನ್ನು ಬರೆಯಲು ಫಾರಮ್ಮಿನಲ್ಲಿ ಜಾಗವಿತ್ತು. ಜೊತೆಗೆ ಕೂರಲು ಕೋಚಿಗೆ ಅನುಮತಿಯಿದ್ದುದರಿಂದ ಅಣ್ಣ ಪಕ್ಕದಲ್ಲೇ ಇದ್ದ. ಅವಳು ಪೆನ್ನು ಎತ್ತಿಕೊಂಡಾಗ ಬಗ್ಗಿ, ತುಟಿ ಅಲ್ಲಾಡಿಸದೆ ಹೇಳಿದ: “ವಿಟಮಿನ್ ಮಾತ್ರೆ ಅಂತ ಬರಿ, ಸಾಕು. ಇಂಜೆಕ್ಷನ್ ವಿಷಯ ಬೇಡ.”

ಅವಳು ಅವನ ಮುಖ ನೋಡಿದಳು. ಅವನು ಗೋಡೆ ನೋಡುತ್ತಿದ್ದ. ಅವಳು ವಿಟಮಿನ್ ಮಾತ್ರೆ ಎಂದು ಬರೆದು ಸಹಿ ಹಾಕಿದಳು.

ಐದು ವಾರದ ಮೇಲೆ ಕಾಗದ ಅವಳ ಕಚೇರಿಗೇ ಬಂತು. ಪಕ್ಕದ ಮೇಜಿನ ಹಿರಿಯ ಪೋಸ್ಟ್‌ಮ್ಯಾನ್ ಅದನ್ನು ಎತ್ತಿ ಹಿಡಿದು, “ಊರವರ ಕಾಗದವೆಲ್ಲ ನಿಮ್ಮ ಕೈ ಮೇಲೆ ಹೋಗುತ್ತೆ, ಇವತ್ತು ನಿಮಗೇ ಬಂದಿದೆ ನೋಡಿ. ರಿಜಿಸ್ಟರ್ಡು. ಸನ್ಮಾನವೋ ಏನೋ, ಸಿಹಿ ತರಿಸಿ” ಎಂದು ನಗುತ್ತ ಕೊಟ್ಟ. ಅವಳು ನಿಂತೇ ಓದಿದಳು. ನಿಷೇಧಿತ ಸ್ಟೆರಾಯ್ಡ್ ಪತ್ತೆಯಾಗಿದೆ. ಇಂದಿನಿಂದ ತಾತ್ಕಾಲಿಕ ಅಮಾನತು. ಯಾವುದೇ ಸ್ಪರ್ಧೆಯಲ್ಲಿ ಭಾಗವಹಿಸುವಂತಿಲ್ಲ, ವೇಟ್‌ಲಿಫ್ಟಿಂಗ್ ಸಂಘಕ್ಕೆ ಸೇರಿದ ಯಾವುದೇ ಜಿಮ್ಮಿನಲ್ಲಿ ಅಭ್ಯಾಸ ಮಾಡುವಂತಿಲ್ಲ. ಮರುಪರೀಕ್ಷೆಗೆ ಎರಡನೆಯ ಸೀಸೆ ತೆರೆಸಬೇಕಿದ್ದರೆ ಏಳು ದಿನದೊಳಗೆ ತಿಳಿಸಬೇಕು.

“ಯಾರಾದ್ರೂ ಹೋದ್ರಾ?” ಎಂದ ಪೋಸ್ಟ್‌ಮ್ಯಾನ್, ಅವಳ ಬಣ್ಣ ನೋಡಿ.

“ಇಲ್ಲ” ಎಂದಳು. ಆಮೇಲೆ ಮೂರು ಪಾರ್ಸೆಲ್ ತೂಕ ಮಾಡಿದಳು. ಒಂದಕ್ಕೂ ಮೊದಲೇ ತೂಕ ಹೇಳಲಿಲ್ಲ.

ಅಣ್ಣ ಮೊದಲು ಲ್ಯಾಬಿನವರನ್ನು ಬೈದ. ಎರಡನೆಯ ಸೀಸೆ ತೆರೆಸಿದರು, ಅದರಲ್ಲೂ ಅದೇ ಬಂತು. ಆಮೇಲೆ ಅವನು ಬೈಯುವುದನ್ನು ಬಿಟ್ಟ. ಜಿಮ್ಮಿನ ಹೊರಗೆ, ಗೋಡೆಗೆ ಒರಗಿಸಿದ್ದ ಹಳೆಯ ಟೈರಿನ ಮೇಲೆ ಕೂತು ನೆಲ ನೋಡುತ್ತ ಹೇಳಿದ.

“ಎಲ್ಲರೂ ತಗೋತಾರೆ ಪುಟ್ಟಿ. ನಿನ್ನ ಪಕ್ಕ ನಿಂತಿದ್ದ ಬೆಳ್ಳಿಯವಳು ತಗೊಂಡಿಲ್ಲ ಅಂದ್ಕೊಂಡಿದೀಯಾ? ಸಿಕ್ಕಿಬಿದ್ದವರು ಕಳ್ಳರು, ಬೀಳದೋರು ಸಾಚಾ. ಅಷ್ಟೇ.”

“ನನಗೆ ಹೇಳ್ಬೋದಿತ್ತಲ್ಲ ಅಣ್ಣ.”

“ಹೇಳಿದ್ರೆ ನೀನು ಬೇಡ ಅಂತಿದ್ದೆ. ಹತ್ತು ವರ್ಷ ನಾಲ್ಕನೇ ಸ್ಥಾನದಲ್ಲಿ ಕೊಳೀತಿದ್ದೆ. ನನಗೆ ನೋಡೋಕಾಗ್ಲಿಲ್ಲ.” ಆಮೇಲೆ ಟೈರಿನ ರಬ್ಬರನ್ನು ಉಗುರಿನಿಂದ ಕೆರೆಯುತ್ತ, “ಕೊಟ್ಟವರ ಹೆಸರು ಕೇಳ್ತಾರೆ. ಹೇಳಿದ್ರೆ ನಿನ್ನ ಶಿಕ್ಷೆ ಇಳಿಸ್ತಾರಂತೆ. ಆದ್ರೆ ನನ್ನ ಹೆಸರು ಬಂದ್ರೆ ಈ ಜಿಮ್ಮಿಗೆ ಬೀಗ. ಅಮ್ಮ, ನಿನ್ನ ಅತ್ತಿಗೆ, ನನ್ನ ಮಗಳು ಎಲ್ಲಾ ಬೀದಿಗೆ. ಯೋಚ್ನೆ ಮಾಡು. ನಿನ್ನ ಮೇಲೆ ಬಲವಂತ ಇಲ್ಲ.”

ಬಲವಂತ ಇಲ್ಲ ಎಂದವನ ಕಣ್ಣು ತುಂಬಿತ್ತು. ಅಪ್ಪನ ಹೆಣ ಎತ್ತಿದ ದಿನವೂ ಅಳದವನು. ಪುಟ್ಟಿ ಒಪ್ಪಿಕೊಂಡಳು. ಬಜಾರಿನಲ್ಲಿ ಯಾವುದೋ ಅಂಗಡಿಯಿಂದ ತಂದ ಪ್ರೋಟೀನ್ ಪುಡಿಯಲ್ಲಿ ಕಲಬೆರಕೆ ಇದ್ದಿರಬೇಕು, ಅಂಗಡಿ ನೆನಪಿಲ್ಲ, ಡಬ್ಬ ಎಸೆದಾಗಿದೆ ಎಂದು ಹೇಳಿಕೆ ಬರೆದು ಕಳಿಸಿದಳು. ಇದನ್ನು ಯಾರೂ ನಂಬುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಾಲ್ಕು ವರ್ಷ ನಿಷೇಧ ಖಚಿತ. ಆಗ ಅವಳಿಗೆ ಮೂವತ್ತೈದು. ಅಲ್ಲಿಗೆ ಮುಗಿಯಿತು.

ಮುಗಿಯಿತೆಂದೇ ಅವಳು ಗಂಟಲಿಗೆ ಇಳಿಸಿಕೊಂಡಿದ್ದಳು, ಆ ಭಾನುವಾರದವರೆಗೆ.

ಅಮ್ಮ ಇದ್ದದ್ದು ಅಣ್ಣನ ಮನೆಯಲ್ಲಿ. ಅವಳ ರಕ್ತದೊತ್ತಡದ ಮಾತ್ರೆ ಕೊಟ್ಟು ಬರಲು ಪುಟ್ಟಿ ಹೋದಾಗ ಹಜಾರದಲ್ಲಿ ಯಾರೂ ಇರಲಿಲ್ಲ. ಬಚ್ಚಲಲ್ಲಿ ನೀರಿನ ಸದ್ದಾಗುತ್ತಿತ್ತು. ಬಾಗಿಲು ತಟ್ಟಿದಳು.

“ಯಾರು?” ಎಂದಿತು ಒಳಗಿನಿಂದ ಗಂಡು ದನಿ.

“ನಾನೇ ಅಣ್ಣ. ಅಮ್ಮ ಎಲ್ಲಿ?”

“ಅಪ್ಪ ಜಿಮ್ಮಲ್ಲಿದಾರೆ ಅತ್ತೆ. ನಾನು, ಮರಿ.”

ಪುಟ್ಟಿ ತಟ್ಟಿದ ಕೈಯನ್ನು ಬಾಗಿಲಿನಿಂದ ತೆಗೆಯಲಿಲ್ಲ. ಮರಿ ಅಣ್ಣನ ಒಬ್ಬಳೇ ಮಗಳು, ಹದಿನೈದು ತುಂಬಿತ್ತು. ಆ ವರ್ಷ ಕಿರಿಯರ ವಿಭಾಗದಲ್ಲಿ ಗೆದ್ದಿದ್ದಳು. ಶಾಲೆಯ ಪ್ರಾರ್ಥನೆಯಲ್ಲಿ ಎತ್ತರದ ಸ್ವರವೆಲ್ಲ ಇವಳಿಗೇ ಎಂದು ಅತ್ತಿಗೆ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಹುಡುಗಿ. ಅಮಾನತಾದ ಮೇಲೆ ಪುಟ್ಟಿ ಜಿಮ್ಮಿನ ಒಳಗೆ ಕಾಲಿಟ್ಟಿರಲಿಲ್ಲ, ನಾಚಿಕೆಗೆ ಮನೆಗೂ ಬಂದಿರಲಿಲ್ಲ. ಮೂರು ತಿಂಗಳಾಗಿತ್ತು ಅವಳನ್ನು ನೋಡಿ.

ಟವಲು ಸುತ್ತಿಕೊಂಡು ಹೊರಬಂದ ಮರಿಯ ಕೊರಳಿನಿಂದ ಭುಜದವರೆಗೆ ಮೊಡವೆ ಎದ್ದಿತ್ತು. ದವಡೆ ಚೌಕವಾಗಿತ್ತು. ಪುಟ್ಟಿ ಅವಳನ್ನು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು.

“ಮುಟ್ಟು ಆಗ್ತಿದೆಯಾ?”

“ಇಲ್ಲ. ಐದು ತಿಂಗಳಾಯ್ತು. ಜೋರಾಗಿ ಟ್ರೈನಿಂಗ್ ಮಾಡೋರಿಗೆ ಹಾಗೇ ಆಗುತ್ತಂತೆ, ಅಪ್ಪ ಹೇಳಿದ್ರು.” ತನಗೆ ಹೇಳಿದ್ದೂ ಇದೇ ಮಾತು, ಒಂದಕ್ಷರ ಆಚೀಚೆ ಇಲ್ಲ. “ಗಂಟಲು ಮಾತ್ರ ಸರಿಹೋಗ್ತಿಲ್ಲ ಅತ್ತೆ. ಹುಡುಗರು ನನ್ನನ್ನ ಸಾರ್ ಅಂತ ಕರೀತಾರೆ. ನಿನ್ನ ನೆಗಡಿ ಎಷ್ಟು ದಿನಕ್ಕೆ ಹೋಯ್ತು?”

ಪುಟ್ಟಿ ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟಳು. ನೆಗಡಿ ಎಂಬ ಸುಳ್ಳು ತನ್ನದೇ. ಈ ಮಗು ಅದನ್ನು ನಂಬಿಕೊಂಡು ಕಾಯುತ್ತ ಕೂತಿತ್ತು.

ಅಲ್ಲಿಂದ ಅವಳು ನೆಟ್ಟಗೆ ಜಿಮ್ಮಿಗೆ ನಡೆದಳು. ಒಳಗೆ ಕಾಲಿಡುವಂತಿರಲಿಲ್ಲವಾಗಿ ಹೊಸ್ತಿಲಲ್ಲಿ ನಿಂತು ಕರೆದಳು. ಅಣ್ಣ ಕೈಯ ಸೀಮೆಸುಣ್ಣದ ಪುಡಿ ಕೊಡವುತ್ತ ಬಂದ.

“ಮರಿಗೂ ಚುಚ್ಚುತಿದೀಯಾ?”

ಅವನು ಹಿಂದೆ ತಿರುಗಿ ನೋಡಿ ಬಾಗಿಲನ್ನು ಅರ್ಧ ಎಳೆದುಕೊಂಡ. “ಮೆತ್ತಗೆ ಮಾತಾಡು. ನಿನಗೆ ಕೊಟ್ಟಿದ್ದರ ಕಾಲು ಭಾಗ ಅಷ್ಟೇ.”

“ಅವಳು ಮಗು ಅಣ್ಣ! ನನಗಾದ್ರೆ ಮೂವತ್ತು ದಾಟಿತ್ತು, ಹಾಳಾಗಿ ಹೋಗ್ಲಿ. ಅವಳ ದನಿ ಕೇಳಿದೀಯಾ ನೀನು?”

“ದನಿ ಇಟ್ಕೊಂಡು ಏನ್ ಮಾಡ್ತಾಳೆ? ಕಿರಿಯರಲ್ಲಿ ಗೆದ್ದಿದಾಳೆ. ಇನ್ನೆರಡು ವರ್ಷಕ್ಕೆ ದೇಶಕ್ಕೆ ಆಡ್ತಾಳೆ. ನಮ್ಮ ಮನೇಲಿ ಒಬ್ಬರಾದ್ರೂ ಮೇಲೆ ಹೋಗ್ಬೇಡ್ವಾ?”

“ಇವತ್ತಿಗೆ ನಿಲ್ಸು. ನನ್ನ ತಲೆ ಮುಟ್ಟಿ ಹೇಳು.”

ಅವನು ಅವಳ ತಲೆ ಮುಟ್ಟಿದ. “ನಿಲ್ಲಿಸ್ದೆ ಕಣೆ. ಹೋಗು.”

ಗುರುವಾರ ಮರಿ ಫೋನು ಮಾಡಿದಳು. ಅಪ್ಪ ಈಗ ಜಿಮ್ಮಿನಲ್ಲಲ್ಲ, ಮನೆಯಲ್ಲೇ ಇಂಜೆಕ್ಷನ್ ಕೊಡುತ್ತಿದ್ದಾರೆ, ಅತ್ತೆಗೆ ಹೇಳಬೇಡ ಎಂದಿದ್ದಾರೆ, ಯಾಕೆ ಎಂದು ಕೇಳಿದಳು. ಪುಟ್ಟಿ ಅತ್ತಿಗೆಯನ್ನು ಕರೆಯಲು ಹೇಳಿದಳು. ಅತ್ತಿಗೆ, “ನಾನು ಕೇಳ್ದೆ. ವಿಟಮಿನ್ ಅಂದ್ರು. ಅವರ ಮಗಳಿಗೆ ಅವರು ಕೆಟ್ಟದ್ದು ಮಾಡ್ತಾರಾ?” ಎಂದು ಫೋನಿಟ್ಟಳು. ಇಡುವ ಮೊದಲು ಒಂದು ಗಳಿಗೆ ಸುಮ್ಮನಿದ್ದಳು. ತಾನೂ ಅಷ್ಟು ದಿನ ಇದ್ದದ್ದು ಅದೇ ಗಳಿಗೆಯೊಳಗೆ ಎಂದು ಪುಟ್ಟಿಗೆ ಅನ್ನಿಸಿತು.

ವಿಚಾರಣೆ ನಡೆದದ್ದು ಸರ್ಕಾರಿ ಕಟ್ಟಡದ ಮೂರನೆಯ ಮಹಡಿಯಲ್ಲಿ. ಉದ್ದ ಟೇಬಲ್ಲಿನ ಆಚೆ ಮೂವರು: ನಡುವೆ ನರೆತ ವಕೀಲ, ಎಡಕ್ಕೆ ಒಬ್ಬ ಡಾಕ್ಟರು, ಬಲಕ್ಕೆ ಹಿಂದೊಮ್ಮೆ ಈಜುಗಾರ್ತಿಯಾಗಿದ್ದ ಹೆಂಗಸು. ಈಚೆ ಪುಟ್ಟಿ, ಪಕ್ಕದಲ್ಲಿ ಅವಳ ಸಾಕ್ಷಿಯಾಗಿ ಬಂದಿದ್ದ ಅಣ್ಣ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಪ್ರೋಟೀನ್ ಪುಡಿ ತಂದದ್ದು ನನಗೂ ನೆನಪಿದೆ ಎಂದು ಹೇಳಲು ಬಂದಿದ್ದ.

ವಕೀಲರು ಅವಳ ಹೇಳಿಕೆ ಓದಿ ಕನ್ನಡಕ ತೆಗೆದರು. “ನೋಡಮ್ಮ, ನಿಮ್ಮ ಮೈಯೊಳಗೆ ಸಿಕ್ಕಿದ್ದಕ್ಕೆ ನೀವೇ ಹೊಣೆ, ಅದು ನಿಯಮ. ಹೇಗೆ ಬಂತು ಅಂತ ತೋರಿಸೋದೂ ನಿಮ್ಮ ಕೆಲಸ. ಈ ಪುಡಿ ಕಥೆ ವಾರಕ್ಕೆ ನಾಲ್ಕು ಸಲ ಕೇಳ್ತೀವಿ. ಇದಕ್ಕೇ ನಿಲ್ತೀರಾ, ಅಥವಾ ಬೇರೆ ಏನಾದ್ರೂ ಹೇಳೋದಿದೆಯಾ?”

ಅಣ್ಣ ಗಂಟಲು ಸರಿಮಾಡಿಕೊಂಡ. ಅವನು ಬಾಯಿ ತೆರೆಯುವ ಮೊದಲೇ ಪುಟ್ಟಿ ಹೇಳಿದಳು.

“ಆ ಹೇಳಿಕೆ ಸುಳ್ಳು. ಪುಡಿ ಅಲ್ಲ, ಇಂಜೆಕ್ಷನ್. ಎಂಟು ತಿಂಗಳು, ವಾರಕ್ಕೆರಡು ಸಲ.”

“ಕೊಟ್ಟವರ ಹೆಸರು?”

“ಇವರು.” ಅವಳು ತಿರುಗಿ ನೋಡಲಿಲ್ಲ, ಕೈಯಷ್ಟೇ ಪಕ್ಕಕ್ಕೆ ತೋರಿಸಿದಳು. “ನನ್ನ ಅಣ್ಣ.”

ಕುರ್ಚಿ ಕಿರ್ರೆಂದಿತು. “ಪುಟ್ಟಿ” ಎಂದ ಅವನು. ಬೈಯಲಿಲ್ಲ. ಜಡೆ ಹಾಕುವಾಗ ಅಲ್ಲಾಡಬೇಡ ಎಂದು ಕರೆಯುತ್ತಿದ್ದನಲ್ಲ, ಅದೇ ದನಿಯಲ್ಲಿ ಕರೆದ.

ಡಾಕ್ಟರು ಕೇಳಿದರು: “ನಿಮಗೆ ಅದು ಏನು ಅಂತ ಗೊತ್ತಿರಲಿಲ್ವಾ? ನಿಜವಾಗ್ಲೂ ಗೊತ್ತಿರಲಿಲ್ಲ ಅಂದ್ರೆ ನಿಮ್ಮ ವಿಷಯ ಬೇರೆ ಥರ ನೋಡ್ಬೇಕಾಗುತ್ತೆ. ಶಿಕ್ಷೆ ಅರ್ಧಕ್ಕೆ ಇಳೀಬಹುದು.”

ಗೊತ್ತಿರಲಿಲ್ಲ ಎಂಬ ಒಂದು ಮಾತು ಸಾಕಿತ್ತು. ಆ ಈಜುಗಾರ್ತಿ ಹೆಂಗಸು ಅದನ್ನೇ ಹೇಳಲಿ ಎಂಬಂತೆ ಅವಳನ್ನು ನೋಡುತ್ತಿದ್ದಳು.

“ಹೆಸರು ಗೊತ್ತಿರಲಿಲ್ಲ ಸಾರ್” ಎಂದಳು ಪುಟ್ಟಿ. “ಆದ್ರೆ ಗಡ್ಡ ಬರೋ ವಿಟಮಿನ್ ಇರಲ್ಲ ಅಂತ ಗೊತ್ತಿತ್ತು. ಫಾರಮ್ಮಲ್ಲಿ ಬರೀಬೇಡ ಅಂದಾಗ ಪೂರ್ತಿ ಗೊತ್ತಾಯ್ತು. ಆದ್ರೂ ಸಹಿ ಹಾಕ್ದೆ.”

ಮೂವರೂ ಬರೆದುಕೊಂಡರು. ಆಮೇಲೆ ಅವಳು ಮರಿಯ ವಿಷಯ ಹೇಳಿದಳು. ಅಲ್ಲಿಯವರೆಗೆ ಕೂತಿದ್ದ ಅಣ್ಣ ಎದ್ದು ನಿಂತ. “ಅದನ್ನ ಹೇಳ್ಬೇಡ” ಎಂದ. “ನನ್ನನ್ನ ಏನ್ ಬೇಕಾದ್ರೂ ಮಾಡಿ. ಹುಡುಗಿ ಹೆಸರು ತರಬೇಡ ಕಣೆ.” ಕುಂಟು ಕಾಲು ಟೇಬಲ್ಲಿಗೆ ತಾಗಿ ನೀರಿನ ಜಗ್ಗು ಉರುಳಿತು. ಕಾಗದಗಳನ್ನು ಎತ್ತಿ ಹಿಡಿಯುವುದರಲ್ಲಿ ಎಲ್ಲರೂ ಗಡಿಬಿಡಿಯಾದರು. ಆ ಗಡಿಬಿಡಿಯ ನಡುವೆಯೇ ಪುಟ್ಟಿ ಮಾತು ನಿಲ್ಲಿಸದೆ, ಐದು ತಿಂಗಳು, ಹದಿನೈದು ವರ್ಷ, ಮನೆಯಲ್ಲೇ, ಎಂದು ಪೂರ್ತಿ ಹೇಳಿ ಮುಗಿಸಿದಳು.

ತೀರ್ಪು ಬರಲು ಎರಡು ತಿಂಗಳು ಹಿಡಿಯಿತು. ಅಪ್ರಾಪ್ತಳಿಗೆ ಮದ್ದು ಕೊಟ್ಟದ್ದಕ್ಕೆ ಅಣ್ಣನಿಗೆ ಜೀವನಪರ್ಯಂತ ನಿಷೇಧ. ಇನ್ನು ಯಾವ ಕ್ರೀಡೆಯಲ್ಲೂ, ಯಾವ ಊರಲ್ಲೂ, ಕೋಚ್ ಎಂದು ನಿಲ್ಲುವಂತಿಲ್ಲ. ಪುಟ್ಟಿಗೆ ನಾಲ್ಕು ವರ್ಷ, ಸಹಕರಿಸಿದ್ದಕ್ಕೆ ಒಂದೂವರೆ ವರ್ಷ ಕಡಿಮೆ. ಮರಿಯನ್ನೂ ಪರೀಕ್ಷಿಸಿ, ವಯಸ್ಸು ನೋಡಿ ಒಂದು ವರ್ಷಕ್ಕೆ ನಿಲ್ಲಿಸಿದರು, ಅವಳ ಗೆಲುವನ್ನೂ ಅಳಿಸಿದರು. ಅದು ಹಾಗಾಗುತ್ತದೆಂದು ಪುಟ್ಟಿ ಎಣಿಸಿರಲಿಲ್ಲ. ಮಗುವನ್ನು ಕಾಪಾಡಿದೆ ಎಂದುಕೊಂಡಿದ್ದಳು. ನಿಯಮಕ್ಕೆ ಅತ್ತೆಯೂ ಒಂದೇ, ಸೊಸೆಯೂ ಒಂದೇ.

ಪದಕ ಹಿಂದಿರುಗಿಸಬೇಕಿತ್ತು. ತನ್ನ ಕೌಂಟರಿನಲ್ಲೇ ಅದನ್ನು ಹತ್ತಿಯಲ್ಲಿ ಸುತ್ತಿ, ಡಬ್ಬಕ್ಕೆ ಹಾಕಿ, ಟೇಪು ಸುತ್ತಿ ಸಂಘದ ವಿಳಾಸ ಬರೆದಳು. ಹಿರಿಯ ಪೋಸ್ಟ್‌ಮ್ಯಾನ್ ಏನನ್ನೂ ಕೇಳದೆ ಅದನ್ನು ಅವಳ ಕೈಯಿಂದ ತೆಗೆದುಕೊಂಡು ತಾನೇ ಮುದ್ರೆ ಒತ್ತಿದ.

ಜಿಮ್ಮಿನಲ್ಲಿ ಈಗ ಸಿಮೆಂಟು ಮೂಟೆ ಪೇರಿಸಿದ್ದಾರೆ. ಅಣ್ಣ ಒಂದು ಪಂಕ್ಚರ್ ಅಂಗಡಿಯಲ್ಲಿ ಟೈರು ಬಿಚ್ಚುತ್ತಾನೆ. ಪುಟ್ಟಿ ಆ ಬೀದಿಯಲ್ಲಿ ಹೋದರೆ ಪಾನಾ ಕೆಳಗಿಟ್ಟು ಒಳಗೆ ಹೋಗುತ್ತಾನೆ, ಅವಳು ದಾಟಿದ ಮೇಲೆ ಹೊರಗೆ ಬರುತ್ತಾನೆ. ಅಮ್ಮನನ್ನು ನೋಡಲು ಹೋದರೆ ಅಮ್ಮ ಮಾತ್ರೆ ಇಸಿದುಕೊಳ್ಳುತ್ತಾಳೆ, ಕೂತುಕೋ ಎನ್ನುವುದಿಲ್ಲ. “ಬೇಲಿಯೇ ಎದ್ದು ಹೊಲ ಮೇಯ್ತು ಅಂತೀಯ, ಸರಿ. ಆದ್ರೆ ಆ ಬೇಲಿಯೇ ನಿನ್ನನ್ನ ಸಾಕಿದ್ದು” ಎಂದಳು ಒಮ್ಮೆ. ಅತ್ತಿಗೆ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಶಾಲೆ ಬದಲಾಯಿಸಿದರು. ಹೊಸ ಶಾಲೆಯಲ್ಲಿ ಮರಿ ಹಾಜರಿಗೂ ಬಾಯಿ ಬಿಡುವುದಿಲ್ಲ, ಕೈ ಎತ್ತುತ್ತಾಳಂತೆ.

ನಿಷೇಧ ಮುಗಿದಾಗ ಸಂಘದ ಕಾರ್ಯದರ್ಶಿ ಫೋನು ಮಾಡಿ, ಮತ್ತೆ ಬಾ, ಹೊಸ ಕೋಚ್ ಇದ್ದಾರೆ ಎಂದ. ಪುಟ್ಟಿ ಒಂದು ಸಂಜೆ ಹೋದಳು. ನಲವತ್ತು ಕಿಲೋ ಹಾಕಿ ಬಾರ್ ಹಿಡಿದು ಬಗ್ಗಿದಳು. ಎತ್ತಲಾಗುವುದಿಲ್ಲ ಎಂದೇನಿರಲಿಲ್ಲ, ಹತ್ತು ಸಲ ಎತ್ತಿದಳು. ಎಲ್ಲ ಭಾರವೂ ಒಂದೇ ಅನ್ನಿಸಿತು. ಕೈ ತೊಳೆದುಕೊಂಡು ಮನೆಗೆ ಬಂದವಳು ಮತ್ತೆ ಹೋಗಲಿಲ್ಲ.

ಆಮೇಲೆ ಕೆಲವೇ ದಿನಕ್ಕೆ ಮರಿ ಕೌಂಟರಿಗೆ ಬಂದಳು. ಹದಿನೆಂಟಾಗಿತ್ತು, ಮೈ ಇಳಿದಿತ್ತು. ಸಾಲಿನಲ್ಲಿ ನಿಂತೇ ಬಂದು, ಯಾವುದೋ ಕಾಲೇಜಿಗೆ ಕಳಿಸಬೇಕಾದ ಲಕೋಟೆ ಮುಂದಿಟ್ಟಳು. “ರಿಜಿಸ್ಟರ್ಡ್ ಮಾಡ್ಬೇಕು” ಎಂದಳು. ಹಿಂದಿದ್ದವನು ಆ ದನಿಗೆ ಮುಖ ಎತ್ತಿ ನೋಡಿದ.

“ಹೇಗಿದೀಯ ಮರಿ?”

“ಮುಟ್ಟು ಸರಿ ಹೋಯ್ತು. ಇದು ಹೋಗಲ್ವಂತೆ” ಎಂದು ಗಂಟಲು ಮುಟ್ಟಿ ತೋರಿಸಿದಳು. ಆಮೇಲೆ, ಬಹಳ ದಿನದಿಂದ ಕಟ್ಟಿಟ್ಟುಕೊಂಡು ಬಂದವಳಂತೆ ಕೇಳಿದಳು: “ಒಂದು ಕೇಳ್ಬೇಕಿತ್ತು. ನಿಮಗೆ ಕೊಡೋವಾಗ್ಲೇ ನಿಮಗೆ ಅನುಮಾನ ಇತ್ತಂತೆ. ಪತ್ರಿಕೇಲಿ ಓದ್ದೆ. ಆಗ್ಲೇ ಯಾಕೆ ಹೇಳ್ಲಿಲ್ಲ? ಆಗ್ಲೇ ಹೇಳಿದ್ರೆ ನನಗೆ ಶುರುನೇ ಆಗ್ತಿರಲಿಲ್ಲ.”

ನೀನು ಎನ್ನುತ್ತಿದ್ದವಳು ನೀವು ಎಂದಿದ್ದಳು. ಅಣ್ಣನ ಮೇಲಿನ ಗೌರವ, ಭಯ, ಅಮ್ಮನ ಮುಖ, ಹೇಳಲು ಎಷ್ಟೋ ಇತ್ತು. ಅವೆಲ್ಲ ಸುಳ್ಳೂ ಅಲ್ಲ.

“ಗೆಲ್ತಾ ಇದ್ದೆ ಮರಿ” ಎಂದಳು ಪುಟ್ಟಿ.

ಮರಿ ಅವಳನ್ನೇ ನೋಡುತ್ತ ನಿಂತಳು. ಕಣ್ಣಲ್ಲಿ ಸಿಟ್ಟಿತ್ತೋ ಇನ್ನೇನಿತ್ತೋ ಪುಟ್ಟಿಗೆ ತಿಳಿಯಲಿಲ್ಲ. ಅವಳು ಲಕೋಟೆಯ ಮೇಲೆ ಚೀಟಿ ಅಂಟಿಸಿದಳು.

“ರಶೀದಿ ಕೊಡಿ” ಎಂದಳು ಮರಿ. ಅದನ್ನು ಮಡಚಿ ಪುಸ್ತಕದೊಳಗೆ ಇಟ್ಟುಕೊಂಡು, ಸಾಲಿನವರ ನಡುವೆ ದಾರಿ ಮಾಡಿಕೊಂಡು ಹೊರಟುಹೋದಳು. ಪುಟ್ಟಿ ಅರ್ಧ ಎದ್ದಿದ್ದಳು. ಕೌಂಟರಿನ ಮುಂದೆ ಇನ್ನೂ ಆರು ಜನ ಇದ್ದರು. ಮೊದಲಿನವನು ಹಗ್ಗ ಕಟ್ಟಿದ ಪೆಟ್ಟಿಗೆಯೊಂದನ್ನು ಅವಳ ಕಡೆ ತಳ್ಳಿದ.